ಪೆಂಟೆ ಒಡೆದ ವರ್ಷ

“ಕೂಸನ್ನು ತೂಗಿದರೆ ದೃಷ್ಟಿ ತಾಕುತ್ತದೆಂದು ನಮ್ಮೂರ ಹೆಂಗಸರು ಅಂಜುತ್ತಿದ್ದರು. ಮಲ್ಲಪ್ಪ ಕಾಕಾ ಬೆಲ್ಲದ ಹರಕೆಯ ನೆವ ಹೂಡಿ, ಅವರನ್ನು ಮರುಳು ಮಾಡಿ ತಕ್ಕಡಿಯ ತನಕ ಕರೆತಂದರು. ಈರಪ್ಪನ ಮೊಮ್ಮಗಳು ಉಳಿದದ್ದು ಹಾಗೆ.”

ನಮ್ಮೂರಿನಲ್ಲಿ ಈಗ ಈ ಮಾತು ಎಲ್ಲರ ಬಾಯಲ್ಲೂ ಇದೆ. ಅಂಗನವಾಡಿ ನೋಡಲು ಬಂದವರಿಗೆ ಇದನ್ನೇ ಹೇಳುತ್ತಾರೆ. ಅವರು ನನ್ನ ಕಡೆ ತಿರುಗಿ ಕೈಮುಗಿಯುತ್ತಾರೆ. ಆ ಮಲ್ಲಪ್ಪ ನಾನೇ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು, ಪಂಚಾಯ್ತಿ ಗ್ರಂಥಾಲಯದ ಬೆಂಚಿನ ಮೇಲೆ ಕುಳಿತು ಓದು ಕಲಿತವನು. ಒಂದು ಅವಧಿಗೆ ಪಂಚಾಯ್ತಿಯ ಸದಸ್ಯನೂ ಆಗಿದ್ದವನು. ಬರೆದದ್ದಾಗಲಿ ಹೇಳಿದ್ದಾಗಲಿ, ಮುಟ್ಟಿ ನೋಡದೆ ನಂಬುವ ಅಭ್ಯಾಸ ನನಗಿಲ್ಲ. ನನ್ನ ಹೊಗಳಿಕೆಯಾದರೂ ಅಷ್ಟೇ. ಹೆಂಗಸರು ಅಂಜಿದ್ದು ದೃಷ್ಟಿಗಲ್ಲ. ಬೆಲ್ಲದ ಹರಕೆ ನನ್ನ ಉಪಾಯವಲ್ಲ. ಮರುಳಾದವರು ಯಾರಾದರೂ ಇದ್ದರೆ ಅವರು ಊರಿನ ಗಂಡಸರು. ಅವರಲ್ಲಿ ನಾನೂ ಒಬ್ಬ.

ಕಳೆದ ತಿಂಗಳು ಮೂಡಲಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದಾಗ ಕಿಟಕಿಯಿಂದ ಕಬ್ಬಿನ ಹಾಲು ಕುದಿಯುವ ವಾಸನೆ ಒಳಗೆ ಬಂತು. ಈಗ ನಮ್ಮ ಕಡೆ ಗಾಣಗಳು ವಿರಳ. ಕಬ್ಬೆಲ್ಲ ಕಾರ್ಖಾನೆಯ ದಾರಿ ಹಿಡಿದಿದೆ. ಎಲ್ಲಿಯೋ ಒಬ್ಬ ಹಠವಾದಿ ಇನ್ನೂ ಕೊಪ್ಪರಿಗೆ ಇಟ್ಟಿರಬೇಕು. ಹಸಿರು, ಹೊಗೆ, ಸಿಹಿ ಮೂರೂ ಬೆರೆತ ಆ ವಾಸನೆ ಮೂಗಿಗೆ ತಾಕಿದ್ದೇ ತಡ, ಹುಣಸೆಯ ಕೊಂಬೆಗೆ ಕಟ್ಟಿದ ತಕ್ಕಡಿಯಲ್ಲಿ ಗಾಳಿಗೆ ತೂಗಾಡುತ್ತಿದ್ದ ಒಂದು ಕೂಸು ನನ್ನ ಕಣ್ಣ ಮುಂದೆ ಬಂದಿತು. ಬಸ್ಸು ನಮ್ಮೂರಿನ ತಿರುವು ದಾಟಿ ಮುಂದೆ ಹೋದದ್ದು ನನಗೆ ತಿಳಿಯಲಿಲ್ಲ.

ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲೇ ಮಧ್ಯಾಹ್ನದ ಊಟ ಬಡಿಸುವ ಯೋಜನೆ ಬಂದ ಹೊಸತು ಅದು. ಧುಪದಾಳದ ಒಡ್ಡಿನಿಂದ ಹೊರಟ ಕಾಲುವೆಯ ನೀರು ಆ ವರ್ಷ ತಪ್ಪದೆ ಬಂದಿತ್ತು. ಕಬ್ಬು ಆಳೆತ್ತರ ಮೀರಿ ನಿಂತಿತ್ತು. ಮುಂಗಾರು ಹಿಂದೆ ಸರಿದು, ಬೆಳಗಿನ ಹೊತ್ತು ಹೊಲದ ಮೇಲೆ ಮಂಜು ಇಳಿಯತೊಡಗಿತ್ತು. ಇಂಥ ನಾಡಿನಲ್ಲಿ ಕೂಸು ಹಸಿದಿರುತ್ತದೆಂದು ಯಾರಾದರೂ ಹೇಳಿದ್ದರೆ ನಾವು ನಗುತ್ತಿದ್ದೆವು. ಹಸಿವೆಂದರೆ ನೀರಿಲ್ಲದ ಸೀಮೆಯದು, ಕಬ್ಬು ಕಡಿಯಲು ಬರುವ ಪರ ಊರಿನವರದು ಎಂಬುದು ನಮ್ಮ ತಿಳಿವಳಿಕೆಯಾಗಿತ್ತು.

ನಾನು ಆಗ ಅಂಗನವಾಡಿಯ ಸಮಿತಿಯಲ್ಲಿದ್ದೆ. ಅಲ್ಲಿನ ಶಿಕ್ಷಕಿ ಶೋಭಾ ಅಕ್ಕೋರು ಒಂದು ಬೆಳಿಗ್ಗೆ ನನ್ನನ್ನು ರಸ್ತೆಯಲ್ಲೇ ತಡೆದರು.

“ಕಾಕಾ, ಈ ತಿಂಗಳೂ ನಿಮ್ಮ ಓಣಿ ಕೂಸುಗಳು ತೂಕಕ್ಕ ಬಂದಿಲ್ರಿ. ತಕ್ಕಡಿ ಸುಮ್ನ ಜೋತಾಡಾಕತ್ತೈತಿ.”

“ದೃಷ್ಟಿ ಆಗತೈತಂತ ಅಂಜತಾರವ್ವಾ.”

“ಯಾರ ಹೇಳಿದ್ರು?”

“ಎಲ್ಲಾರೂ ಅಂತಾರ.”

“ಎಲ್ಲಾರೂ ಅಂದ್ರ ಕಟ್ಟಿ ಮ್ಯಾಲ ಕುಂದರೋ ಗಂಡಸರು ಹೌದಿಲ್ರಿ?”

ಆಕೆ ಹೇಳಿದ್ದು ನಿಜವಾಗಿತ್ತು. ಹೆಂಗಸರ ಬಾಯಿಂದ ನಾನು ಆ ಮಾತನ್ನು ಎಂದೂ ಕೇಳಿರಲಿಲ್ಲ.

ಅಕ್ಕೋರು ಮುಖ್ಯವಾಗಿ ಹೇಳುತ್ತಿದ್ದದ್ದು ಈರಪ್ಪನ ಮನೆಯ ಕೂಸಿನ ವಿಷಯ. ಈರಪ್ಪ ನನ್ನ ಚಿಕ್ಕಪ್ಪನ ಮಗ, ನನಗಿಂತ ಕಿರಿಯ. ಊರಿನ ಕೊನೆಯ ಗಾಣ ಅವನದು. ಸುಗ್ಗಿ ಹಿಡಿದರೆ ಗಾಣದ ಆಳುಗಳಿಗೆಲ್ಲ ಅವನ ಮನೆಯಲ್ಲೇ ಅಡಿಗೆ. ಕಬ್ಬು ಅರೆಯುವವರು, ಒಲೆಗೆ ಕಬ್ಬಿನ ಒಣ ಎಲೆಯ ರವದಿ ಹಾಕುವವರು, ಕೊಪ್ಪರಿಗೆಯ ಮುಂದೆ ನಿಲ್ಲುವವರು ಸರದಿಯಂತೆ ಬಂದು ಉಣ್ಣುತ್ತಿದ್ದರು. ಆ ಒಲೆಯ ಮುಂದೆ ಕುಳಿತಿರುತ್ತಿದ್ದವಳು ಸೊಸೆ ಸುವರ್ಣಾ, ಹುಕ್ಕೇರಿ ಕಡೆಯಿಂದ ಬಂದ ಹುಡುಗಿ. ಎರಡು ವರ್ಷದ ಮಗಳು ದಾನವ್ವ ಮಗ್ಗುಲಲ್ಲಿ, ಎರಡನೆಯದು ಹೊಟ್ಟೆಯಲ್ಲಿ. ಅವಳ ಗಂಡ ಸುಗ್ಗಿ ಮುಗಿಯುವ ತನಕ ಕಬ್ಬಿನ ಟ್ರ್ಯಾಕ್ಟರಿನ ಮೇಲೆ.

ನಾನು ಅವರ ಮನೆಗೆ ಹೋದಾಗ ಈರಪ್ಪನ ಹೆಂಡತಿ ಗಂಗವ್ವ ಮೊಮ್ಮಗಳನ್ನು ಎತ್ತಿ ನನ್ನ ಮುಂದೆ ಹಿಡಿದಳು.

“ನೋಡ್ರಿ ಭಾವಾರ, ಮಾರಿ ಹೆಂಗ ತುಂಬೇತಿ. ಮಳಿಗಾಲದಾಗ ಹೊಟ್ಟಿ ಕೆಟ್ಟು ಬಡಕಲಾಗಿತ್ತು ನೋಡ್ರಿ, ದರ್ಗಾಕ್ಕ ಹರಕಿ ಹೊತ್ತಿದ್ನಿ. ಕೂಸು ಚೇತರಿಸಿಕೊಂಡ್ರ ಅದರ ತೂಕದ ಬೆಲ್ಲಾ ಹಂಚತೇನಿ ಅಂತ. ಬರೂ ಗುರುವಾರ ತೂಗೂದ.”

ಕೂಸಿನ ಕೆನ್ನೆ ಉಬ್ಬಿತ್ತು. ಕಾಲುಗಳೂ ದುಂಡಗಿದ್ದವು. ನನಗೂ ಸಂತೋಷವಾಯಿತು. ಕೂಸು ನನ್ನನ್ನು ನೋಡಿ ಅಳಲಿಲ್ಲ, ನಗಲಿಲ್ಲ, ಕೈ ಚಾಚಲಿಲ್ಲ. ಎಷ್ಟು ಶಾಂತ ಸ್ವಭಾವ ಎಂದುಕೊಂಡೆ.

ಕೂಸಿನ ತೂಕಕ್ಕೆ ಸರಿದೂಗುವಷ್ಟು ಬೆಲ್ಲ ಹಂಚುವ ಹರಕೆ ನಮ್ಮಲ್ಲಿ ಜಾತಿ ನೋಡದೆ ನಡೆದುಕೊಂಡು ಬಂದದ್ದು. ಗಾಣದ ಹಿಂದೆ ಹುಣಸೆಮರ, ಮರದ ಆಚೆ ಸಣ್ಣ ದರ್ಗಾ. ತಕ್ಕಡಿ ಬೆಲ್ಲದ ವ್ಯಾಪಾರಿ ದಸ್ತಗೀರಸಾಬರದು. ಅವರು ಮೂಡಲಗಿಯಲ್ಲಿ ಅಂಗಡಿ ಇಟ್ಟವರು. ಈರಪ್ಪನ ಗಾಣದ ಬೆಲ್ಲವನ್ನು ಅವರ ತಂದೆಯ ಕಾಲದಿಂದಲೂ ಅವರೇ ಒಯ್ಯುತ್ತಿದ್ದರು. ಹತ್ತು ಕಿಲೋ ಬೆಲ್ಲದ ಅಚ್ಚಿಗೆ ನಾವು ಪೆಂಟೆ ಎನ್ನುತ್ತೇವೆ. ಈರಪ್ಪ ಆ ಗುರುವಾರ ಮೂರು ಪೆಂಟೆ ಹೊರಿಸಿಕೊಂಡು ಬಂದ. ಕಡಿಮೆ ಬಿದ್ದರೆ ಮರ್ಯಾದೆ ಹೋಗಬಾರದು ಎಂಬುದು ಅವನ ವಿಚಾರ.

ಅಂದು ಬಂದವರು ಅವನ ಮನೆಯವರಷ್ಟೇ ಅಲ್ಲ. ತಮ್ಮ ತಮ್ಮ ಹರಕೆ ತೀರಿಸಲು ಓಣಿಯ ತಾಯಂದಿರೆಲ್ಲ ಕೂಸುಗಳನ್ನು ಎತ್ತಿಕೊಂಡು ಬಂದಿದ್ದರು. ಹುಣಸೆಯ ಕೆಳಗೆ, ಎಲ್ಲರ ಕಣ್ಣೆದುರು, ನಗುನಗುತ್ತ ಒಬ್ಬೊಬ್ಬರೇ ತೂಗಿಸಿದರು. ದೃಷ್ಟಿಗೆ ಅಂಜುವವರು ಹಾಗೆ ಮಾಡುತ್ತಾರೆಯೇ? ಈ ಒಂದು ಪ್ರಶ್ನೆ ಅಂದೇ ನನಗೆ ಹೊಳೆಯಬೇಕಿತ್ತು. ಹೊಳೆದದ್ದು ಸ್ವಲ್ಪ ತಡವಾಗಿ.

ದಸ್ತಗೀರಸಾಬರು ಎರಡೂ ತಟ್ಟೆಗೆ ಒಂದೊಂದು ಧೋತರ ಮಡಿಸಿ ಹಾಸಿದ್ದರು. ಒಲೆಗೆ ರವದಿ ಹಾಕುವ ಆಳಿನ ಮಗ, ದಾನವ್ವನದೇ ವಯಸ್ಸಿನವನು, ಒಂದು ಪೆಂಟೆಗೆ ಸರಿದೂಗಿ ಕಾಲು ಬಡಿಯುತ್ತ ಕೆಳಗಿಳಿದ. ಆಮೇಲೆ ಗಂಗವ್ವ ಮೊಮ್ಮಗಳನ್ನು ತಟ್ಟೆಯಲ್ಲಿ ಕೂರಿಸಿದಳು. ಈರಪ್ಪ ತಾನೇ ಬಾಗಿ ಮೊದಲ ಪೆಂಟೆಯನ್ನು ಇನ್ನೊಂದು ತಟ್ಟೆಯಲ್ಲಿಟ್ಟ. ಎರಡನೆಯದಕ್ಕೆ ಕೈ ಚಾಚಿದ.

ಬೆಲ್ಲದ ತಟ್ಟೆ ಧಪ್ಪನೆ ನೆಲಕ್ಕೆ ಕೂತಿತು. ದಾನವ್ವ ಮೇಲೆ ಹೋದಳು.

ಅವಳು ಮೇಲೆಯೇ ಉಳಿದಳು. ಹಗ್ಗ ಸಣ್ಣಗೆ ತಿರುಗುತ್ತಿತ್ತು. ಅಷ್ಟು ಎತ್ತರದಿಂದ ನಮ್ಮನ್ನೆಲ್ಲ ನೋಡುತ್ತಿದ್ದ ಆ ಉಬ್ಬಿದ ಮುಖದಲ್ಲಿ ಅಂಜಿಕೆಯಿರಲಿಲ್ಲ, ಕುತೂಹಲವೂ ಇರಲಿಲ್ಲ. ಗಾಣದ ಕಡೆಯಿಂದ ಬೆಲ್ಲದ ವಾಸನೆ ಬರುತ್ತಲೇ ಇತ್ತು.

“ತಕ್ಕಡಿ ಸೊಟ್ಟ ಐತಿ,” ಎಂದ ಈರಪ್ಪ.

ದಸ್ತಗೀರಸಾಬರು ಕೂಸನ್ನೂ ಬೆಲ್ಲವನ್ನೂ ಅದಲುಬದಲು ಮಾಡಿ ತೂಗಿದರು. ಕೂಸು ಮತ್ತೆ ಮೇಲೆ ಹೋಯಿತು.

“ಈರಪ್ಪಣ್ಣಾ, ನಿನ್ನ ಬೆಲ್ಲಾ ಇಷ್ಟ ವರ್ಷ ಇದ ತಕ್ಕಡಿ ಮ್ಯಾಲ ಮಾರೇತಿ. ಒಂದಿನಾನೂ ಸೊಟ್ಟ ಅಂದಿಲ್ಲ ನೀ.”

ಹರಕೆಯೆಂದರೆ ಸರಿದೂಗಲೇಬೇಕು. ಸಾಬರು ಕೊಡಲಿಯ ಹಿಂಬದಿಯಿಂದ ಪೆಂಟೆಯನ್ನು ಒಡೆದರು. ಒಂದು ತುಂಡು ತೆಗೆದರು, ತಟ್ಟೆ ಅಲುಗಲಿಲ್ಲ. ಮತ್ತೆ ಒಡೆದರು. ಒಡೆದ ಪ್ರತಿ ಸದ್ದಿಗೂ ಗಂಗವ್ವ ಸೆರಗನ್ನು ಬಾಯಿಗೆ ಇನ್ನಷ್ಟು ಒತ್ತಿ ಹಿಡಿಯುತ್ತಿದ್ದಳು. ಕೊನೆಗೆ ತಕ್ಕಡಿಯ ದಂಡ ಸಮವಾದಾಗ ತಟ್ಟೆಯಲ್ಲಿ ಪೆಂಟೆಯೆಂದು ಕರೆಯುವಂಥದ್ದು ಉಳಿದಿರಲಿಲ್ಲ. ಹಂಚಲೆಂದು ಸಾಬರು ಆ ತುಂಡುಗಳನ್ನು ಮುಂದೆ ಹಿಡಿದರು. ಯಾರೂ ಕೈ ಚಾಚಲಿಲ್ಲ.

ಹರಕೆ ನೋಡಲು ಬಂದಿದ್ದ ಶೋಭಾ ಅಕ್ಕೋರು ಮುಂದೆ ಬಂದು, ಕೂಸಿನ ಪಾದವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು ಬಿಟ್ಟರು. ಹಸಿ ಮಣ್ಣಿನಲ್ಲಿ ಮೂಡಿದಂತೆ ಅಲ್ಲಿ ಒಂದು ಕುಳಿ ಉಳಿಯಿತು.

“ಇದು ಮೈ ಅಲ್ರಿ ಆಯಿ, ನೀರು. ಬಾವು ಬಂದೈತಿ. ಕೂಸು ಏನ ತಿಂತೈತ್ರಿ?”

“ಚಾದಾಗ ಟೋಸ್ಟ ಅದ್ದಿ ಕೊಡತೇವಿ. ಮತ್ತೇನೂ ಒಲ್ಲೆ ಅಂತೈತಿ.”

“ಹಾಲು?”

“ಹಾಲು ಡೇರಿಗೆ ಹೋಗತೈತಲ್ಲವಾ. ಚಾದಾಗ ಇರತೈತಿ ಅಲ್ಲಾ ಹಾಲು.” ಹೇಳುತ್ತ ಹೇಳುತ್ತಲೇ ಗಂಗವ್ವನ ದನಿ ಸಣ್ಣದಾಯಿತು.

“ಇವತ್ತ ಗೋಕಾಕಕ್ಕ ಒಯ್ಯಬೇಕ್ರಿ. ಇಂಥಾ ಕೂಸುಗಳಿಗಂತನ ಅಲ್ಲಿ ಬ್ಯಾರೆ ವಾರ್ಡ್ ಐತಿ. ತಡಾ ಮಾಡಿದ್ರ ಕೂಸು ದಕ್ಕೂದಿಲ್ಲ.”

ಆಗ ಸುವರ್ಣಾ ಮಾತಾಡಿದಳು. ಮಾವನ ಎದುರು ಅವಳು ಬಾಯಿ ತೆರೆದದ್ದನ್ನು ನಾನು ಅಂದೇ ಕಂಡದ್ದು.

“ಈ ಮಾತು ನನಗ ಗೊತ್ತಿತ್ರಿ. ಅಂಗನವಾಡ್ಯಾಗ ತೂಗಿದ್ರ ತೂಕದ ಕಾರ್ಡಿನ್ಯಾಗ ಕೆಂಪು ಬರತೈತಿ, ಕೆಂಪು ಬಂದ್ರ ಗೋಕಾಕಕ್ಕ ಕಳಸ್ತಾರ. ಹದಿನಾಲ್ಕ ದಿನಾ ನಾ ಅಲ್ಲಿ ಕುಂತ್ರ, ಇಲ್ಲಿ ಗಾಣದ ಮಂದಿಗೆ ರೊಟ್ಟಿ ಯಾರ ಬಡೀತಾರ್ರಿ? ಅದಕ್ಕ ಒಯ್ಯಲಿಲ್ಲ. ದೃಷ್ಟಿ ಅಂತ ನಾ ಎಂದ ಅಂದೇನ್ರಿ, ಮಾವಾರ?”

ಕೊನೆಯ ಪ್ರಶ್ನೆ ನನಗೆ. ಸುತ್ತ ನಿಂತ ತಾಯಂದಿರಲ್ಲಿ ಒಬ್ಬರೂ ಅವಳ ಮಾತಿಗೆ ಆಶ್ಚರ್ಯಪಡಲಿಲ್ಲ. ಒಬ್ಬಳ ಮನೆಯಲ್ಲಿ ಎಮ್ಮೆ ಕರೆಯಲು ಬೇರೆ ಕೈಯಿಲ್ಲ, ಮತ್ತೊಬ್ಬಳಿಗೆ ಹಾಸಿಗೆ ಹಿಡಿದ ಅತ್ತೆ. ತಕ್ಕಡಿಗಲ್ಲ, ತಕ್ಕಡಿಯ ಆಚೆ ಕಾದಿದ್ದ ಆ ಹದಿನಾಲ್ಕು ದಿನಗಳಿಗೆ ಅವರು ಅಂಜಿದ್ದರು. ಊರೆಲ್ಲ ಅದನ್ನು ಮೂಢನಂಬಿಕೆಯೆಂದು ಕರೆದು ಕೈ ತೊಳೆದುಕೊಂಡಿತ್ತು.

ಈರಪ್ಪ ಗಾಣದ ಕಡೆ ನೋಡಿದ. ಕಡಿದ ಕಬ್ಬು ರಾಶಿ ಬಿದ್ದಿತ್ತು, ಬಿಟ್ಟರೆ ಹುಳಿಯುತ್ತದೆ. ಅವನು ಏನು ಹೇಳುತ್ತಿದ್ದನೋ ತಿಳಿಯದು. ಅಷ್ಟರಲ್ಲಿ ಗಂಗವ್ವ ಅಂದಳು:

“ನನ್ನ ಕೈ ಸತ್ತಾವೇನು? ನಡಿ ನೀ. ರೊಟ್ಟಿ ನಾ ಬಡೀತೇನಿ.”

“ಮೊಣಕಾಲ ನೋಯ್ತಾವ ಅಂತ ಒಲಿ ಮುಂದ ಕುಂದ್ರಾಕ ಆಗೂದಿಲ್ಲಂತಿ?” ಎಂದ ಈರಪ್ಪ.

“ನಿಂತು ಬಡೀತೇನಿ.”

ಗೋಕಾಕದ ಆ ವಾರ್ಡಿಗೆ ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಜಗಳಕ್ಕೆ ಸಿದ್ಧನಾಗುತ್ತಿದ್ದೆ. ಸರ್ಕಾರದ ಕಟ್ಟಡಗಳೊಡನೆ ನನ್ನ ಪರಿಚಯ ಹಳೆಯದು. ಬಸುರಿ ಹೆಂಗಸು ರಾತ್ರಿ ಎಲ್ಲಿ ಮಲಗಬೇಕು, ಅವಳಿಗೆ ಊಟ ಯಾರು ತರಬೇಕು, ಕೂಲಿಯವಳಾದರೆ ಅವಳ ಕೂಲಿಯ ಗತಿಯೇನು ಎಂಬ ಪ್ರಶ್ನೆಗಳನ್ನು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಒಳಗೆ ಕಾಲಿಟ್ಟಾಗ ಕೂಸಿನ ಹಾಸಿಗೆ ತಾಯಿಯೂ ಮಲಗುವಷ್ಟು ಅಗಲವಾಗಿತ್ತು. ಅವಳ ಹೊತ್ತಿನ ಊಟ ಅಲ್ಲಿಯೇ ಬರುತ್ತಿತ್ತು. ಕೂಲಿ ಕಳೆದುಕೊಂಡ ತಾಯಿಗೆ ಅದರ ಬದಲು ಹಣ ಕೊಡುವ ನಿಯಮವೂ ಇತ್ತು. ಕೇಳಬೇಕೆಂದು ಒಯ್ದ ಪ್ರಶ್ನೆಗಳಿಗೆಲ್ಲ ಯಾರೋ ಮೊದಲೇ ಉತ್ತರ ಬರೆದಿಟ್ಟಿದ್ದರು.

ಯಾರು ಬರೆದರು? ನಮ್ಮ ಊರಿನ ಹೆಸರನ್ನೇ ಕೇಳಿರದ ಯಾವುದೋ ಮನುಷ್ಯರು, ಯಾವುದೋ ಊರಿನ ಕಚೇರಿಯಲ್ಲಿ ಕುಳಿತು, ಕೂಸು ಒಂಟಿಯಾಗಿ ಉಳಿಯುವುದಿಲ್ಲ, ತಾಯಿಯೂ ಉಳಿಯಬೇಕು, ತಾಯಿ ಉಳಿಯಬೇಕಾದರೆ ಅವಳ ಹೊಟ್ಟೆಯೂ ತುಂಬಬೇಕು ಎಂದು ಯೋಚಿಸಿದ್ದರು. ಸರ್ಕಾರವನ್ನು ಸಂಶಯಿಸುತ್ತಲೇ ಮುದುಕನಾದ ನಾನು ಆ ಹಾಸಿಗೆಯ ಅಂಚನ್ನು ಮುಟ್ಟಿ ನೋಡಿದೆ. ಕಾಲುವೆಯ ನೀರು ಮೊದಲ ಸಲ ನಮ್ಮ ಹೊಲಕ್ಕೆ ಹರಿದು ಬಂದ ದಿನ ನನ್ನ ಅಪ್ಪ ಬಗ್ಗಿ ಆ ನೀರನ್ನು ಮುಟ್ಟಿದ್ದ. ಆ ನೆನಪು ಯಾಕೆ ಬಂತೋ ಹೇಳಲಾರೆ.

ಆದರೆ ಗಾಣದ ಆಳುಗಳ ರೊಟ್ಟಿಯ ವಿಷಯ ಆ ನಿಯಮದಲ್ಲಿ ಇರಲಿಲ್ಲ. ಅದು ಗಂಗವ್ವನ ಪಾಲಿಗೆ ಬಂದಿತ್ತು.

ಅಲ್ಲಿ ಕೂಸಿಗೆ ಅಳೆದ ಹಾಲನ್ನು ಬಟ್ಟಲಿನಲ್ಲಿ ಸ್ವಲ್ಪಸ್ವಲ್ಪವಾಗಿ, ಹೊತ್ತು ತಪ್ಪದಂತೆ ಕುಡಿಸುತ್ತಿದ್ದರು. ಸುವರ್ಣಾಳ ತಾಯಿ ಹುಕ್ಕೇರಿಯಿಂದ ಎರಡು ಬಸ್ಸು ಬದಲಿಸಿ ಶೇಂಗಾ ಉಂಡಿ ಕಟ್ಟಿಕೊಂಡು ಬಂದಿದ್ದಳು. ನರ್ಸ್ ಬಾಯಿ ಗಂಟನ್ನು ನೋಡಿದರು.

“ಕೂಸಿಗೆ ಈಗ ಬ್ಯಾಡ್ರಿ ಆಯಿ. ಬಾಳ ದಿವಸ ಹಸದ ಹೊಟ್ಟಿ, ಒಮ್ಮೆಲೆ ತಡಕೊಳ್ಳೂದಿಲ್ಲ. ಮಗಳಿಗೆ ತಿನಸ್ರಿ. ಆಕಿನೂ ಹಸದಾಳ.”

ಕೆಲವು ದಿನ ಕಳೆದು ಈರಪ್ಪ ನೋಡಲು ಬಂದಾಗ ಕೂಸಿನ ಮುಖದ ಉಬ್ಬು ಇಳಿದಿತ್ತು. ಇಳಿದ ಮೇಲೆ ಒಳಗಿದ್ದದ್ದು ಕಂಡಿತು. ಎಲುಬು, ಅದರ ಮೇಲೆ ಸಡಿಲವಾದ ಚರ್ಮ, ದೊಡ್ಡ ಕಣ್ಣುಗಳು. ತೂಕವೂ ಬಂದ ದಿನಕ್ಕಿಂತ ಕಡಿಮೆಯಾಗಿತ್ತು. ಈರಪ್ಪ ನನ್ನನ್ನು ಹೊರಗೆ ಕರೆದ.

“ಅಣ್ಣಾ, ಇಲ್ಲಿಗೆ ತಂದ ಮ್ಯಾಲ ಇನ್ನೂ ಇಳದಾಳಲ್ಲ. ಇದ್ದದ್ದೂ ಹೋಯ್ತು. ನಾಳಿ ಕರಕೊಂಡ ಹೋಗೂಣು. ಸಾಯೂದಿದ್ರ ಮನ್ಯಾಗರ ಸಾಯಲಿ.”

ನನಗೂ ಹಾಗೆಯೇ ಅನ್ನಿಸಿತ್ತು ಎಂಬುದನ್ನು ಮರೆಮಾಡಲಾರೆ. ಕಣ್ಣಿಗೆ ಕಂಡದ್ದು ಅದೇ ಅಲ್ಲವೇ? ನರ್ಸ್ ಬಾಯಿಯವರನ್ನು ಕೇಳಿದೆವು. ಹೋಗುತ್ತಿರುವುದು ಕೂಸಲ್ಲ, ಕೂಸಿನೊಳಗೆ ತುಂಬಿದ್ದ ನೀರು. ನೀರು ಹೋಗದೆ ಮೈ ತುಂಬುವುದಿಲ್ಲ ಎಂದು ಅವರು ಹೇಳಿದರು. ಈರಪ್ಪ ನಂಬಲಿಲ್ಲ. ಸುವರ್ಣಾಳಿಗೆ ಬಟ್ಟೆ ಕಟ್ಟಿಕೋ ಎಂದ.

ಸುವರ್ಣಾ ಕೂಸನ್ನು ತೊಡೆಯ ಮೇಲೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. “ನಾ ಬರೂದಿಲ್ರಿ. ಅಂದು ಮಾರಿ ತುಂಬೇತಿ ಅಂತ ನಾವೆಲ್ಲಾರೂ ಖುಷಿಪಟ್ಟಿದ್ವಿ. ಈಗ ಇಳದೈತಿ ಅಂತ ಅಂಜೂದು ಬ್ಯಾಡ್ರಿ.”

ಈರಪ್ಪ ಅಂದು ಊರಿಗೆ ಹಿಂದಿರುಗಲಿಲ್ಲ. ಆಸ್ಪತ್ರೆಯ ಕಟ್ಟೆಯ ಮೇಲೆ ಟವೆಲ್ ಹಾಸಿಕೊಂಡು ನನ್ನ ಮಗ್ಗುಲಲ್ಲಿ ಮಲಗಿದ.

ಮರುದಿನ ಬೆಳಗಿನ ಬಿಸಿಲು ಕಿಟಕಿಯ ಸರಳಿಗೆ ಬಂದಿತ್ತು. ಹಾಲಿನ ಬಟ್ಟಲು ಖಾಲಿಯಾಗಿ, ನರ್ಸ್ ಬಾಯಿ ಅದನ್ನು ತೆಗೆದುಕೊಂಡು ಹೊರಟಿದ್ದರು. ಹಿಂದಿನಿಂದ ಒಂದು ಸದ್ದು ಬಂತು. ಮೊದಲು ಸಣ್ಣದಾಗಿ, ತಡೆತಡೆದು. ಆಮೇಲೆ ವಾರ್ಡಿನ ಗೋಡೆಗಳೆಲ್ಲ ತುಂಬುವ ಹಾಗೆ. ದಾನವ್ವ ಅಳುತ್ತಿದ್ದಳು. ಎರಡೂ ಕೈಗಳನ್ನು ಆ ಬಟ್ಟಲಿನ ಕಡೆ ಚಾಚಿ, ಮುಖ ಕೆಂಪಗೆ ಮಾಡಿಕೊಂಡು, ಹೋಗುತ್ತಿರುವ ಬಟ್ಟಲಿನ ಮೇಲೆ ಸಿಟ್ಟಾಗಿ ಅಳುತ್ತಿದ್ದಳು. ಎಷ್ಟು ದಿನಗಳಿಂದ ಆ ಕೂಸು ಅತ್ತಿರಲಿಲ್ಲ ಎಂಬುದು ಅಳು ಕೇಳಿದ ಮೇಲೆಯೇ ನಮಗೆ ಗೊತ್ತಾಯಿತು. ನಾನು ಶಾಂತ ಸ್ವಭಾವ ಎಂದುಕೊಂಡದ್ದು ಹಸಿವು ಕೂಡ ಆರಿಹೋದ ಒಂದು ದೇಹದ ಸುಮ್ಮನಿರುವಿಕೆ.

ನರ್ಸ್ ಬಾಯಿ ಹಿಂದಿರುಗಿ ನೋಡಿ ನಕ್ಕರು. “ಇದನ್ನ ಕೇಳಾಕಂತ ಕಾಯಾಕತ್ತಿದ್ದೆ ನೋಡ್ರಿ. ಹಸಿವಿ ಹೊಳ್ಳಿ ಬಂತು.”

ಈರಪ್ಪ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದ. ಹಸಿವು ಹೋಗಲೆಂದು ಬೇಡುವುದನ್ನು ಕಂಡಿದ್ದೆ. ಹಸಿವು ಬಂದಿತೆಂದು ಒಬ್ಬ ಮನುಷ್ಯ ಕಣ್ಣೀರು ಹಾಕುವುದನ್ನು ಅಂದು ಕಂಡೆ.

ತಾಯಿ ಮಗಳು ಊರಿಗೆ ಬಂದ ಮೇಲೆ ಗಂಗವ್ವ ಮಾಡಿದ ಒಂದು ಕೆಲಸವನ್ನು ಊರಿನ ಕಥೆ ಮರೆತೇಬಿಟ್ಟಿದೆ. ಅಂಗನವಾಡಿಯ ಊಟಕ್ಕೆ ಸುವರ್ಣಾ ಎಂದೂ ಹೋದವಳಲ್ಲ. ಗಾಣದ ಮನೆಯ ಸೊಸೆ ಸರ್ಕಾರದ ಊಟಕ್ಕೆ ಕೂರುವುದೆಂದರೆ ಮನೆತನಕ್ಕೆ ಅವಮಾನ ಎಂದು ಅದೇ ಗಂಗವ್ವ ತಡೆದಿದ್ದಳು. ಈಗ ಅವಳೇ ಕುಂಟುತ್ತ ಸೊಸೆಯನ್ನು ಕರೆದುಕೊಂಡು ಹೋಗಿ, ಊಟ ಮುಗಿಯುವ ತನಕ ಹೊಸ್ತಿಲ ಮೇಲೆ ಕೂರುತ್ತಿದ್ದಳು. ಆ ಮನೆಯವರು ತತ್ತಿ ತಿನ್ನುವುದಿಲ್ಲ. ಅದರ ಬದಲು ಮೊಳಕೆಕಾಳು. ಅನ್ನ, ಸಾರು, ಪಲ್ಯ, ಹಾಲು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬಾಕೆ ನಿಂತು ಕೆಣಕಿದಳು.

“ಗಂಗವ್ವಾ, ಗಾಣದವರ ಮನ್ಯಾಗ ಸೊಸಿಗೆ ಉಣ್ಣಾಕ ಇಲ್ಲೇನ?”

“ಐತಿ. ಮನ್ಯಾಗ ಎಲ್ಲಾರಿಗೂ ನೀಡಿ ಉಳದದ್ದು ಉಣ್ಣತಾಳ. ಇಲ್ಲಿ ಆಕಿ ಮೊದಲ ಉಣ್ಣತಾಳ. ನೀನೂ ನಿನ್ನ ಸೊಸೀನ ಕರಕೊಂಡ ಬಾ.”

ಆಕೆ ಮುಂದೆ ನಡೆದಳು. ಆದರೆ ಆ ಸುಗ್ಗಿ ಮುಗಿಯುವ ಹೊತ್ತಿಗೆ ಹೊಸ್ತಿಲ ಮೇಲೆ ಗಂಗವ್ವನ ಜೊತೆ ಆಕೆಯೂ ಕೂರುತ್ತಿದ್ದಳು. ತಿಂಗಳ ತೂಕದ ದಿನ ಅಕ್ಕೋರ ತಕ್ಕಡಿ ಸುಮ್ಮನೆ ಜೋತಾಡುವುದು ನಿಂತಿತು. ಯಾವ ತಾಯಿ ಗೋಕಾಕಕ್ಕೆ ಹೋದರೆ ಅವಳ ಎಮ್ಮೆ ಯಾರು ಕರೆಯಬೇಕು, ಅವಳ ಅತ್ತೆಗೆ ಯಾರು ಗಂಜಿ ಕೊಡಬೇಕು ಎಂಬುದು ಆ ಹೊಸ್ತಿಲ ಮೇಲೆಯೇ ತೀರ್ಮಾನವಾಗುತ್ತಿತ್ತು. ಇದರಲ್ಲಿ ನನ್ನ ಉಪಾಯ ಎಲ್ಲಿದೆ, ತೋರಿಸಿರಿ.

ಅಂದು ಯಾರೂ ಮುಟ್ಟದ ಬೆಲ್ಲವನ್ನು ದಸ್ತಗೀರಸಾಬರು ಬಟ್ಟೆಯಲ್ಲಿ ಸುತ್ತಿ ತಮ್ಮ ಅಂಗಡಿಯ ತೊಲೆಗೆ ಕಟ್ಟಿದ್ದರು. ಮುಂದಿನ ಸುಗ್ಗಿಯಲ್ಲಿ ಅದನ್ನು ಬಿಚ್ಚಿ ತಂದರು. ವರ್ಷದ ಹವೆಗೆ ಅದು ಕಪ್ಪಾಗಿತ್ತು. ಅದೇ ಹುಣಸೆ, ಅದೇ ತಕ್ಕಡಿ. ಒಡೆದ ತುಂಡುಗಳನ್ನೆಲ್ಲ ಒಟ್ಟಿಗೆ ಇಟ್ಟು ಒಂದು ಪೆಂಟೆ ಮಾಡಿದರು. ದಾನವ್ವ ತಟ್ಟೆಯಲ್ಲಿ ಕೂರಲು ಒಪ್ಪದೆ ಕೂಗಾಡಿದಳು, ಅಜ್ಜನ ಮೀಸೆ ಎಳೆದಳು. ಕೂರಿಸಿದಾಗ ಅವಳ ತಟ್ಟೆ ಇಳಿಯಿತು. ಇಳಿದು ನೆಲ ಮುಟ್ಟಿತು. ಬೆಲ್ಲ ಮೇಲೆ ಹೋಗಿ ತೂಗಾಡಿತು. ಈರಪ್ಪ ಹೊಸ ಪೆಂಟೆಯೊಂದನ್ನು ಒಡೆದು ತುಂಡು ಸೇರಿಸಬೇಕಾಯಿತು. ಈ ಸಲ ಎಲ್ಲರೂ ಕೈ ಚಾಚಿದರು. ಹಳೆಯ ಬೆಲ್ಲದ ತುಂಡು ನನ್ನ ಪಾಲಿಗೆ ಬಂತು. ಅದರಲ್ಲಿ ಸಿಹಿಯ ಹಿಂದೆ ಸಣ್ಣಗೆ ಉಪ್ಪಿತ್ತು.

ಈಗ ಗಾಣ ತಿರುಗುವುದು ನಿಂತಿದೆ. ಹುಣಸೆಮರ ನಿಂತಿಲ್ಲ, ರಸ್ತೆ ಅಗಲ ಮಾಡುವಾಗ ಹೋಯಿತು. ತಕ್ಕಡಿ ಮಾತ್ರ ಮೂಡಲಗಿಯಲ್ಲಿ ದಸ್ತಗೀರಸಾಬರ ಅಂಗಡಿಯ ತೊಲೆಗೆ ತೂಗಿದೆ. ಸೊಟ್ಟವಾಗಿದೆಯೇ ಎಂದು ಯಾರು ಬೇಕಾದರೂ ನೋಡಬಹುದು. ದಾನವ್ವ ನಮ್ಮೂರ ಶಾಲೆಯಲ್ಲಿದ್ದಾಳೆ. ಮಧ್ಯಾಹ್ನ ಊಟದ ಸಾಲಿನಲ್ಲಿ ಹುಡುಗರನ್ನು ಸರಿಸಿ ಮುಂದೆ ನಿಲ್ಲುವ ಎತ್ತರದ ಹುಡುಗಿ ಅವಳೇ. ತಮ್ಮನ ಊಟದ ತಟ್ಟೆಯೂ ಅವಳ ಕೈಯಲ್ಲಿಯೇ ಇರುತ್ತದೆ.

ಇದನ್ನು ಬರೆಯುವ ಮೊದಲು ಅವಳ ಒಪ್ಪಿಗೆ ಕೇಳಿದೆ. ಅವಳು ಹೇಳಿದಳು:

“ಹೆಸರು ಬರೀರಿ ಅಜ್ಜಾ. ನಾ ತಕ್ಕಡ್ಯಾಗ ಮ್ಯಾಲ ಹೋಗಿದ್ದೂ ಬರೀರಿ. ಈಗಿನ ತೂಕ ಮಾತ್ರ ಬರೀಬ್ಯಾಡ್ರಿ, ಸಾಲ್ಯಾಗ ನಗತಾರ.”

ಆದ್ದರಿಂದ ಬರೆದಿಲ್ಲ. ತಕ್ಕಡಿ ಇದೆ, ಅವಳೂ ಇದ್ದಾಳೆ. ಸಂಶಯವಿದ್ದವರು ಬಂದು, ಅವಳು ಒಪ್ಪಿದರೆ, ತೂಗಿ ನೋಡಬಹುದು. ಬರುವಾಗ ಒಂದು ಪೆಂಟೆ ಮಾತ್ರ ತಂದರೆ ಸಾಲುವುದಿಲ್ಲ.